ಚಾರ್ಜ್ ಎಷ್ಟು? ಚಾರ್ಜ್ ಯಾರದ್ದು?

ಬಸ್ ಚಾರ್ಜ್ ಜಾಸ್ತಿ ಆಯ್ತು. ಫೋನಲ್ಲಿ ಚಾರ್ಜ್ ಇಲ್ಲ. ಹೊಸ ಎಸ್‌ಐ ಚಾರ್ಜ್ ತಗೊಂಡ್ರು. ಪೊಲೀಸರು ಲಾಠಿ ಚಾರ್ಜ್ ಮಾಡಿದ್ರು. ಆ ಕೇಸಿಗೆ ಚಾರ್ಜ್‌ಶೀಟ್ ಹಾಕಿದ್ರು. ಏಸಿಗೆ ಗ್ಯಾಸ್ ಚಾರ್ಜ್ ಮಾಡಿಸ್ಬೇಕು.

ಆರು ವಾಕ್ಯ, ಆರು ಕಡೆಯ ಮಾತು. ಇಂಗ್ಲಿಷ್ ಅಕ್ಷರ ಗೊತ್ತಿಲ್ಲದವರಿಗೂ ಇದರಲ್ಲಿ ಒಂದೂ ಗೊಂದಲ ಆಗುವುದಿಲ್ಲ. ಸಂತೆಗೆ ಹೊರಟ ಅಜ್ಜಿ ಕಂಡಕ್ಟರ್ ಹತ್ತಿರ "ಚಾರ್ಜ್ ಎಷ್ಟಪ್ಪಾ" ಅಂತ ಕೇಳಿದರೆ ಯಾರೂ ಮೊಬೈಲ್ ತೋರಿಸಿ 40 ಪರ್ಸೆಂಟ್ ಅನ್ನುವುದಿಲ್ಲ. ಈ ಪದ ಕನ್ನಡಕ್ಕೆ ಒಂದೇ ಬಾಗಿಲಿನಿಂದ ಬಂದಿಲ್ಲ ಅನ್ನೋದು ನನ್ನ ಅಂದಾಜು. ಕಚೇರಿಯಿಂದ ಒಂದು ಅರ್ಥ, ಠಾಣೆಯಿಂದ ಒಂದು, ಬಸ್ ಸ್ಟ್ಯಾಂಡಿನಿಂದ ಒಂದು, ಮೊಬೈಲ್ ಅಂಗಡಿಯಿಂದ ಇನ್ನೊಂದು. ಹಾಗಾಗಿ ಇವೆಲ್ಲ ಒಂದೇ ಪದ ಅಂತ ನಮಗೆ ಅನ್ನಿಸೋದೇ ಇಲ್ಲ. ಆದರೆ ಇವೆಲ್ಲದರ ಬೇರು ಒಂದೇ. ಅದು ಗೊತ್ತಾದ ಮೇಲೆ ಕರೆಂಟ್ ಬಿಲ್ಲು, ಪಹಣಿ, ಪೇಪರ್ ಹೆಡ್ಡಿಂಗು ಯಾವುದನ್ನು ಓದಿದರೂ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ ಬರುತ್ತದೆ. ಇಲ್ಲಿ ಯಾರು ಹೇರಿದ್ದಾರೆ, ಯಾರು ಹೊರುತ್ತಿದ್ದಾರೆ?

ಬೇರು ಇಷ್ಟೇ. ಲ್ಯಾಟಿನ್‌ನಲ್ಲಿ ಕಾರ್ರುಸ್ ಅಂದರೆ ಗಾಡಿ. ಕಾರ್ರಿಕಾರೆ ಅಂದರೆ ಗಾಡಿಗೆ ಹೇರುವುದು. ಅದು ಹಳೆಯ ಫ್ರೆಂಚ್‌ನಲ್ಲಿ ಚಾರ್ಜಿಯೆರ್ ಥರ ಆಗಿ ಇಂಗ್ಲಿಷಿಗೆ ಬಂದು ಚಾರ್ಜ್ ಆಯಿತು. ಕಾರು, ಕ್ಯಾರಿ, ಕಾರ್ಗೊ ಎಲ್ಲ ಇದೇ ಮನೆಯವು. ಕ್ಯಾರಿಕೇಚರ್ ಕೂಡ ಇದೇ ಮನೆಯದು. ಮುಖದ ಮೇಲೆ ಮೂಗನ್ನೋ ಮೀಸೆಯನ್ನೋ ಅತಿಯಾಗಿ ಹೇರಿ ಬರೆದ ಚಿತ್ರ ಅಂತ.

ಈಗ ದುಡ್ಡಿನ ಚಾರ್ಜ್ ನೋಡೋಣ. ಬಸ್ಸಿನ ದರಕ್ಕೆ ಇಂಗ್ಲಿಷಿನವರು ಫೇರ್ ಅನ್ನುತ್ತಾರೆ. ನಮ್ಮ ಸಾರಿಗೆ ಸಂಸ್ಥೆಗಳ ಆದೇಶದಲ್ಲಿ ಪ್ರಯಾಣ ದರ ಅಂತ ಇರುತ್ತದೆ. ಜನರ ಬಾಯಲ್ಲಿ ಮಾತ್ರ ಬಸ್ ಚಾರ್ಜ್. 2025ರ ಜನವರಿ 5ರಿಂದ ಸರ್ಕಾರಿ ಬಸ್ಸುಗಳಲ್ಲಿ ಶೇಕಡಾ 15ರಷ್ಟು ಏರಿದಾಗಲೂ ಊರಲ್ಲಿ ಎಲ್ಲರೂ ಅಂದಿದ್ದು ಚಾರ್ಜ್ ಏರಿಸಿಬಿಟ್ರು ಅಂತಲೇ. ಅದಕ್ಕೂ ಮೊದಲು 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂತು. ಹೆಂಗಸರಿಗೆ ಚಾರ್ಜ್ ಇಲ್ಲ, ಆದರೆ ಟಿಕೆಟ್ ಇದೆ. ದುಡ್ಡು ಕೊಡದಿದ್ದರೂ ಶೂನ್ಯ ಟಿಕೆಟ್ ಯಾಕೆ ಹರಿಯಬೇಕು ಅಂತ ಶುರುವಿನಲ್ಲಿ ಎಷ್ಟೋ ಜನ ಕೇಳಿದರು. ಉತ್ತರ ಸರಳ. ಆ ಚಾರ್ಜ್ ಮಾಯ ಆಗಿಲ್ಲ, ಸರ್ಕಾರದ ಲೆಕ್ಕಕ್ಕೆ ಹೋಗಿದೆ, ಆ ಲೆಕ್ಕಕ್ಕೆ ಟಿಕೆಟ್ಟೇ ಸಾಕ್ಷಿ.

ಆಟೋದವರ ಹತ್ತಿರ ಚಾರ್ಜಿನ ಒಂದು ಪೂರ್ತಿ ಸಂಸಾರವೇ ಇದೆ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ ಮಿನಿಮಮ್ ಚಾರ್ಜ್ 36 ರೂಪಾಯಿ, ಆಮೇಲೆ ಕಿಲೋಮೀಟರಿಗೆ 18. ರಾತ್ರಿ 10ರಿಂದ ಬೆಳಗಿನ 5ರವರೆಗೆ ಒನ್ ಆಂಡ್ ಹಾಫ್. ಅದು ಬಿಟ್ಟು ವೇಟಿಂಗ್ ಚಾರ್ಜ್, ಲಗೇಜ್ ಚಾರ್ಜ್. ಇದರಲ್ಲಿ ಲಗೇಜ್ ಚಾರ್ಜ್ ಅನ್ನೋದು ಪದದ ಮೂಲಕ್ಕೆ ಅತಿ ಹತ್ತಿರ, ನೋಡಿ. ಗಾಡಿಗೆ ಮೂಟೆ ಹೇರಿದ್ದಕ್ಕೆ ದುಡ್ಡು. ರಾತ್ರಿ 9:40ಕ್ಕೆ ಮೆಜೆಸ್ಟಿಕ್‌ನಲ್ಲಿ ನಿಂತು ಒನ್ ಆಂಡ್ ಹಾಫ್ ಕೇಳುವವರ ಬಗ್ಗೆ ಮಾತಾಡುವುದು ಬೇಡ, ಅದು ಇನ್ನೊಂದು ಪೋಸ್ಟಿಗೆ ಆಗುವಷ್ಟಿದೆ.

ಕರೆಂಟ್ ಬಿಲ್ಲಿನ ಫಿಕ್ಸೆಡ್ ಚಾರ್ಜ್ ಮೇಲೆ ಜನಕ್ಕೆ ಬಹಳ ಸಿಟ್ಟು. ಮನೆಗೆ ಬೀಗ ಹಾಕಿ ಎರಡು ತಿಂಗಳು ಮಗಳ ಮನೆಗೆ ಹೋಗಿ ಬಂದರೂ ಬಿಲ್ಲು ಬಂದಿರುತ್ತದೆ. ಒಂದು ಯೂನಿಟ್ ಸುಟ್ಟಿಲ್ಲ, ಇದೇನಿದು ಅಂತ. ವಿಷಯ ಏನಂದರೆ, ಮನೆಗೆ ಕನೆಕ್ಷನ್ ತಗೊಳ್ಳುವಾಗ ಇಷ್ಟು ಕಿಲೋವ್ಯಾಟ್ ಲೋಡ್ ಬೇಕು ಅಂತ ಮಂಜೂರು ಮಾಡಿಸಿಕೊಂಡಿರುತ್ತೀರಿ. ಅಷ್ಟು ಲೋಡ್ ಯಾವ ಗಳಿಗೆಯಲ್ಲಿ ಕೇಳಿದರೂ ಕೊಡೋಕೆ ಲೈನು, ಟ್ರಾನ್ಸ್‌ಫಾರ್ಮರ್, ಸಬ್‌ಸ್ಟೇಷನ್ ಸಿದ್ಧ ಇರಬೇಕು. ಅದರ ಖರ್ಚು ನೀವು ಸ್ವಿಚ್ ಹಾಕಿದರೂ ಇದೆ, ಹಾಕದಿದ್ದರೂ ಇದೆ. ಆದ್ದರಿಂದ ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್ ಲೆಕ್ಕದಲ್ಲಿ, ಬಳಸಿದ ಕರೆಂಟಿನ ಚಾರ್ಜ್ ಯೂನಿಟ್ ಲೆಕ್ಕದಲ್ಲಿ. ಲೋಡ್ ಮೇಲೆ ಚಾರ್ಜ್. ಮೂಲ ಅರ್ಥ ನೋಡಿದರೆ ಹೊರೆಯ ಮೇಲೆ ಹೊರೆ.

ಹೋಟೆಲ್ ಬಿಲ್ಲಿನ ಸರ್ವಿಸ್ ಚಾರ್ಜ್ ಬಗ್ಗೆ ಮಾತ್ರ ನನ್ನ ಅಭಿಪ್ರಾಯ ಖಡಕ್. ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವವರಿಗೆ ಇದರ ಕಾಟ ಇಲ್ಲ, ಅಲ್ಲಿ ಏನಿದ್ದರೂ ಪಾರ್ಸಲ್ ಚಾರ್ಜ್. ದೊಡ್ಡ ರೆಸ್ಟೋರೆಂಟ್‌ಗಳಲ್ಲಿ ಬಿಲ್ಲಿನ ಕೆಳಗೆ ಜಿಎಸ್‌ಟಿ ಪಕ್ಕದಲ್ಲಿ ಗುಟ್ಟಾಗಿ ಕೂತಿರುತ್ತದೆ. ಬಹಳ ಜನ ಅದನ್ನೂ ಟ್ಯಾಕ್ಸ್ ಅಂತಲೇ ತಿಳಿದು ಕಟ್ಟಿ ಬರುತ್ತಾರೆ. ಟ್ಯಾಕ್ಸ್ ಸರ್ಕಾರದ್ದು, ಸರ್ವಿಸ್ ಚಾರ್ಜ್ ಹೋಟೆಲಿನವರದ್ದು. ಅದನ್ನು ತಾವಾಗಿಯೇ ಬಿಲ್ಲಿಗೆ ಸೇರಿಸುವ ಹಾಗಿಲ್ಲ ಅಂತ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ಹೊರಡಿಸಿತು. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟ್ ಮಾರ್ಗಸೂಚಿಯನ್ನು ಎತ್ತಿಹಿಡಿಯಿತು. ಮಾಣಿಗೆ ಖುಷಿಯಿಂದ ಕೊಡಿ, ಕೈಗೇ ಕೊಡಿ. ಬಿಲ್ಲಿನಲ್ಲಿ ಇದ್ದರೆ ತೆಗೀರಿ ಅನ್ನಿ, ನಾಚಿಕೆ ಬೇಡ.

ದುಡ್ಡಿನದು ಸಾಕು. ನನಗೆ ಈ ಪದದ ನಿಜವಾದ ರುಚಿ ಹತ್ತಿದ್ದು ಸರ್ಕಾರಿ ಕಚೇರಿಯ ಚಾರ್ಜ್‌ನಿಂದ.

ನಮ್ಮಪ್ಪ ಸರ್ಕಾರಿ ಶಾಲೆಯ ಮೇಷ್ಟ್ರು. ಮನೆಯಲ್ಲಿ ಚಾರ್ಜ್ ಅಂದರೆ ಒಂದೇ ಅರ್ಥ, ಹೆಡ್‌ಮಾಸ್ಟರ್ ಚಾರ್ಜ್. ಹೆಡ್‌ಮಾಸ್ಟರ್ ವರ್ಗ ಆದರೆ, ಹೊಸಬರು ಬರುವ ತನಕ ಇದ್ದವರಲ್ಲಿ ಸೀನಿಯರ್ ಯಾರೋ ಅವರ ಕುತ್ತಿಗೆಗೆ ಚಾರ್ಜ್. ಚಾರ್ಜ್ ಕೊಡುವುದು ಅಂದರೆ ಸುಮ್ನೆ ಕುರ್ಚಿ ಬಿಟ್ಟು ಎದ್ದು ಹೋಗುವುದಲ್ಲ. ಡೆಡ್ ಸ್ಟಾಕ್ ರಿಜಿಸ್ಟರ್ ಮುಂದೆ ಇಟ್ಟುಕೊಂಡು ಒಂದೊಂದೇ ಸಾಮಾನು ಎಣಿಸಬೇಕು. ಬೆಂಚು ಇಷ್ಟು, ಕಬ್ಬಿಣದ ಬೀರು ಎರಡು, ಗೋಡೆ ಗಡಿಯಾರ ಒಂದು, ಭೂಪಟ ಇಷ್ಟು, ಬಿಸಿಯೂಟದ ಕೊಳಗ, ಕುಕ್ಕರ್, ಗ್ಯಾಸ್ ಸಿಲಿಂಡರ್, ನೂರಾರು ತಟ್ಟೆ ಲೋಟ. ರಿಜಿಸ್ಟರಿನಲ್ಲಿ ಗ್ಲೋಬ್ ಎರಡು ಅಂತ ಇದ್ದು ಬೀರುವಿನಲ್ಲಿ ಒಂದೇ ಇದ್ದರೆ ಅವತ್ತು ಮಧ್ಯಾಹ್ನದ ಊಟ ತಡ. ಎರಡನೇ ಗ್ಲೋಬ್ ಯಾವ ಕಾಲದಲ್ಲಿ ಒಡೆದು ಹೋಯಿತೋ, ಯಾರ ಮಗನ ಕೈಯಲ್ಲಿ ಚೆಂಡಾಯಿತೋ. ಅದನ್ನು ರೈಟ್ ಆಫ್ ಮಾಡಿಸದೆ, ಅಂದರೆ ಲೆಕ್ಕದಿಂದ ತೆಗೆಸದೆ ಹೋದ ಹಳಬರನ್ನೆಲ್ಲ ಬೈದುಕೊಂಡು, ಕೊನೆಗೆ ಪಟ್ಟಿಯ ಕೆಳಗೆ ಇಬ್ಬರೂ ಸಹಿ ಹಾಕಬೇಕು. ಒಬ್ಬರು ಕೊಟ್ಟೆ ಅಂತ, ಇನ್ನೊಬ್ಬರು ತೆಗೆದುಕೊಂಡೆ ಅಂತ. ತಾರೀಕಿನ ಪಕ್ಕದಲ್ಲಿ ಪೂರ್ವಾಹ್ನ ಅಥವಾ ಅಪರಾಹ್ನ ಅಂತ ಬರೆಯಲೇಬೇಕು. ಆ ಅರ್ಧ ದಿನದಲ್ಲಿ ಏನಾದರೂ ಕಳೆದರೆ ಯಾರ ತಲೆಗೆ ಅನ್ನೋದು ಅದರ ಮೇಲೆ ನಿಂತಿದೆ.

ಇದಕ್ಕೆ ಕಚೇರಿಯ ಕನ್ನಡ ಪ್ರಭಾರ. ಪ್ರಭಾರ ಮುಖ್ಯ ಶಿಕ್ಷಕರು, ಪ್ರಭಾರ ತಹಶೀಲ್ದಾರ್, ಹೆಚ್ಚುವರಿ ಪ್ರಭಾರ. ಪದದ ಒಳಗೇ ಭಾರ ಇದೆ. ಕರ್ನಾಟಕ ನಾಗರಿಕ ಸೇವಾ ನಿಯಮಗಳಲ್ಲಿ 32ನೇ ನಿಯಮ ಸ್ವತಂತ್ರ ಪ್ರಭಾರದ್ದು, 68ನೇ ನಿಯಮ ಪ್ರಭಾರ ಭತ್ಯೆಯದ್ದು. ಸರ್ಕಾರಿ ನೌಕರರ ನಡುವೆ "ಅವರು 32ರಲ್ಲಿ ಇದ್ದಾರೆ" ಅಂದರೆ ಸಾಕು, ಎಲ್ಲರಿಗೂ ಅರ್ಥ ಆಗುತ್ತದೆ. ಹುದ್ದೆ ಮೇಲಿನದ್ದು, ಹೊಣೆ ಮೇಲಿನದ್ದು, ಬಡ್ತಿ ಮಾತ್ರ ಆಗಿಲ್ಲ. ಇನ್‌ಚಾರ್ಜ್ ಅನ್ನೋ ಪದಕ್ಕೆ ಇಂಗ್ಲಿಷಿನಲ್ಲಿ ಗತ್ತು ಇದೆ, ಇಲ್ಲಿ ನಾನೇ ಯಜಮಾನ ಅಂತ. ನಮ್ಮಲ್ಲಿ ಅದು ಕಾಯಂ ಅಲ್ಲ ಅನ್ನೋ ಅರ್ಥಕ್ಕೆ ಇಳಿದುಬಿಟ್ಟಿದೆ. "ಅವರು ಬರೀ ಇನ್‌ಚಾರ್ಜ್ ಕಣ್ರೀ" ಅಂದರೆ ಸಹಿ ಹಾಕೋಕೆ ಹೆದರುತ್ತಾರೆ ಅಂತ. ಆದರೆ ಜಿಲ್ಲಾ ಇನ್‌ಚಾರ್ಜ್ ಮಿನಿಸ್ಟರ್ ಅಂದಾಗ ಮಾತ್ರ ಗತ್ತು ಪೂರ್ತಿ ವಾಪಸ್ ಬರುತ್ತದೆ. ಅದಕ್ಕೆ ಉಸ್ತುವಾರಿ ಅನ್ನೋ ಬೇರೆಯೇ ಹೆಸರು, ಬೇರೆಯೇ ಪೈಪೋಟಿ.

ಇನ್ನೊಂದು ಚಾರ್ಜ್ ರೈತರಿಗೆ ಚೆನ್ನಾಗಿ ಗೊತ್ತು, ಪೇಟೆಯವರಿಗೆ ಗೊತ್ತಿಲ್ಲ. ಜಮೀನಿನ ಮೇಲೆ ಸಾಲ ತಗೊಂಡರೆ ಬ್ಯಾಂಕಿನವರು ಜಮೀನಿನ ಮೇಲೆ ಚಾರ್ಜ್ ಕ್ರಿಯೇಟ್ ಮಾಡುತ್ತಾರೆ. ಅಂದರೆ ಈ ಸಾಲ ತೀರುವ ತನಕ ಈ ಸರ್ವೆ ನಂಬರ್ ಮೇಲೆ ನಮ್ಮ ಹಕ್ಕೂ ಇದೆ ಅಂತ ಪಹಣಿಯಲ್ಲಿ ಬರೆಸುವುದು. ಅದು 11ನೇ ಕಾಲಂನಲ್ಲಿ ಕೂರುತ್ತದೆ. ಉತ್ತರ ಕರ್ನಾಟಕದ ಕಡೆ ಇದಕ್ಕೆ ಬೋಜಾ ಅನ್ನುತ್ತಾರೆ. ಬೋಜಾ ಕೂಡಿಸುವುದು, ಬೋಜಾ ಕಡಿಮೆ ಮಾಡಿಸುವುದು. ಮರಾಠಿಯಿಂದ ಬಂದ ಮಾತು, ಅರ್ಥ ಭಾರ. ಲ್ಯಾಟಿನ್ ಗಾಡಿಯೂ ಮರಾಠಿ ಮೂಟೆಯೂ ಒಂದೇ ಪಹಣಿಯಲ್ಲಿ ಬಂದು ಸೇರಿವೆ. ಕಂಪನಿಗಳಿಗೂ ಇದೇ ಕಥೆ. ಆಸ್ತಿ ಅಡ ಇಟ್ಟು ಸಾಲ ತಗೊಂಡರೆ 30 ದಿನದ ಒಳಗೆ ಚಾರ್ಜ್ ನೋಂದಣಿ ಮಾಡಬೇಕು ಅಂತ 2013ರ ಕಂಪನಿ ಕಾಯ್ದೆಯ 77ನೇ ಸೆಕ್ಷನ್ ಹೇಳುತ್ತದೆ.

ಸಾಲ ಮಾಡುವಾಗ ಬೋಜಾ ಕೂಡಿಸೋಕೆ ಬ್ಯಾಂಕಿಗೆ ಎಲ್ಲಿಲ್ಲದ ಅವಸರ. ಸಾಲ ತೀರಿದ ಮೇಲೆ ಇಳಿಸೋಕೆ ಮಾತ್ರ ನಾವೇ ಓಡಾಡಬೇಕು. ಬ್ಯಾಂಕಿನಿಂದ ಬಾಕಿ ಇಲ್ಲ ಅನ್ನೋ ಪತ್ರ ತಗೊಂಡು, ಅದನ್ನು ದಾಖಲಿಸಿ, ಮ್ಯುಟೇಷನ್ (ದಾಖಲೆಯಲ್ಲಿ ಹಕ್ಕಿನ ಬದಲಾವಣೆ) ಆಗಿ, ಹೊಸ ಪಹಣಿ ತೆಗೆಸಿ, 11ನೇ ಕಾಲಂ ಖಾಲಿ ಇರುವುದನ್ನು ಕಣ್ಣಾರೆ ನೋಡಬೇಕು. ಎಷ್ಟೋ ಮನೆಗಳಲ್ಲಿ ಅಜ್ಜ ತೀರಿಸಿದ ಸಾಲ ಮೊಮ್ಮಗನ ಪಹಣಿಯಲ್ಲಿ ಇನ್ನೂ ಕೂತಿರುತ್ತದೆ. ಜಮೀನು ಭಾಗ ಆಗುವ ದಿನ, ಇಲ್ಲ ಮಾರುವ ದಿನ ಅದು ಎದ್ದು ಬರುತ್ತದೆ. ನಿಮ್ಮ ಪಹಣಿ ಒಮ್ಮೆ ತೆಗೆದು ನೋಡಿ.

ಇನ್ನು ಪೊಲೀಸ್ ಮತ್ತು ಕೋರ್ಟು. ಇಲ್ಲಿ ಪೇಪರ್, ಟಿವಿಯವರು ಒಂದು ಕಲಸುಮೇಲೋಗರ ಮಾಡುತ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಚಾರ್ಜ್‌ಶೀಟ್ ಹಾಕುವುದು ಪೊಲೀಸರು. ಚಾರ್ಜ್ ಫ್ರೇಮ್ ಮಾಡುವುದು ಕೋರ್ಟು. ಎರಡೂ ಬೇರೆ. ತನಿಖೆ ಮುಗಿಸಿ, ಇಂಥವರು ಇಂಥ ಸೆಕ್ಷನ್ ಅಡಿ ತಪ್ಪು ಮಾಡಿದ ಹಾಗೆ ಕಾಣುತ್ತದೆ, ಸಾಕ್ಷಿ ಇವು ಅಂತ ಪೊಲೀಸರು ಕೋರ್ಟಿಗೆ ಕೊಡುವ ವರದಿ ಚಾರ್ಜ್‌ಶೀಟ್. ಮೊದಲು ಸಿಆರ್‌ಪಿಸಿ, ಅಂದರೆ ದಂಡ ಪ್ರಕ್ರಿಯಾ ಸಂಹಿತೆಯ 173ನೇ ಸೆಕ್ಷನ್, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 193. ತಮಾಷೆ ಏನಂದರೆ ಆ ಸೆಕ್ಷನ್‌ನಲ್ಲಿ ಚಾರ್ಜ್‌ಶೀಟ್ ಅನ್ನೋ ಪದವೇ ಇಲ್ಲ, ಪೊಲೀಸ್ ರಿಪೋರ್ಟ್ ಅಂತ ಇದೆ. ಆಮೇಲೆ ಜಡ್ಜ್ ಅದನ್ನು ಓದಿ, ಎರಡೂ ಕಡೆ ಕೇಳಿ, ವಿಚಾರಣೆ ನಡೆಸುವಷ್ಟು ಆಧಾರ ಇದೆ ಅನ್ನಿಸಿದರೆ ಆರೋಪ ನಿಗದಿ ಮಾಡುತ್ತಾರೆ. ಅದೇ ಚಾರ್ಜ್. ಆರೋಪಿಗೆ ಓದಿ ಹೇಳಿ ಒಪ್ಪುತ್ತೀಯಾ ಅಂತ ಕೇಳುತ್ತಾರೆ. ಆಧಾರ ಇಲ್ಲ ಅನ್ನಿಸಿದರೆ ಅಲ್ಲೇ ಡಿಸ್ಚಾರ್ಜ್, ಅಂದರೆ ಆರೋಪದಿಂದ ಬಿಡುಗಡೆ.

ಆದ್ದರಿಂದ ಚಾರ್ಜ್‌ಶೀಟ್ ಸಾವಿರಾರು ಪುಟ ಇದೆ ಅಂತ ಟಿವಿಯಲ್ಲಿ ಕೂಗಿದ ತಕ್ಷಣ ತಪ್ಪು ಸಾಬೀತಾದ ಹಾಗಲ್ಲ. ಪೊಲೀಸರ ಮಾತು ಮುಗಿದಿದೆ, ಅಷ್ಟೇ. ಪುಟಗಳ ಸಂಖ್ಯೆಗಿಂತ ಮುಖ್ಯವಾದದ್ದು ದಿನಗಳ ಲೆಕ್ಕ. ಆರೋಪಿ ಜೈಲಿನಲ್ಲಿದ್ದರೆ, ಮರಣದಂಡನೆ, ಜೀವಾವಧಿ ಅಥವಾ 10 ವರ್ಷ ಮತ್ತು ಮೇಲ್ಪಟ್ಟ ಶಿಕ್ಷೆಯ ಪ್ರಕರಣಗಳಲ್ಲಿ 90 ದಿನದೊಳಗೆ, ಉಳಿದವುಗಳಲ್ಲಿ 60 ದಿನದೊಳಗೆ ಚಾರ್ಜ್‌ಶೀಟ್ ಸಲ್ಲಿಸಬೇಕು. ಇಲ್ಲದಿದ್ದರೆ ಕೇಳಿದವನಿಗೆ ಜಾಮೀನು ಸಿಗುವುದು ಹಕ್ಕು. ದೊಡ್ಡ ಕೇಸುಗಳಲ್ಲಿ 88ನೇ ದಿನ, 89ನೇ ದಿನ ಟ್ರಂಕಿನಲ್ಲಿ ಕಾಗದ ಹೊತ್ತುಕೊಂಡು ಪೊಲೀಸರು ಕೋರ್ಟಿಗೆ ಓಡುವುದು ಇದಕ್ಕೇ.

ಕನ್ನಡದಲ್ಲೂ ಆರೋಪವನ್ನು ಹೊರಿಸುತ್ತೇವೆ ಅಲ್ವಾ. ತಪ್ಪು ತಲೆ ಮೇಲೆ ಬರುತ್ತದೆ, ಹೊಣೆ ಹೆಗಲಿಗೆ ಬೀಳುತ್ತದೆ, ಸಾಲದ ಹೊರೆ ಬೆನ್ನ ಮೇಲೆ. ಇಂಗ್ಲಿಷಿನಿಂದ ಯಾರೂ ನಮಗೆ ಇದನ್ನು ಹೇಳಿಕೊಟ್ಟಿದ್ದಲ್ಲ. ಗಾಡಿ, ಎತ್ತು, ಮೂಟೆ ಇದ್ದ ಊರಿನವರೆಲ್ಲ ಹೀಗೇ ಯೋಚಿಸುತ್ತಾರೆ ಅಂತ ಕಾಣುತ್ತದೆ.

ಲಾಠಿ ಚಾರ್ಜ್‌ನಲ್ಲಿ ಹೊರೆ ಎಲ್ಲಿದೆ ಅಂತ ಕೇಳಬಹುದು. ಅದು ಸ್ವಲ್ಪ ಬಳಸು ದಾರಿ. ಕುದುರೆ ಸವಾರರು ಈಟಿಯನ್ನು ಮುಂದಕ್ಕೆ ಒಡ್ಡಿ, ಗುರಿಗೆ ಸರಿಯಾಗಿ ಇಟ್ಟುಕೊಳ್ಳುವುದಕ್ಕೂ ಚಾರ್ಜ್ ಅನ್ನುತ್ತಿದ್ದರು. ಈಟಿ ಹಾಗೆ ಹಿಡಿದ ಮೇಲೆ ಮುಂದಿನ ಕೆಲಸ ನುಗ್ಗುವುದು ತಾನೇ. ಆ ನುಗ್ಗುವಿಕೆಗೇ ಹೆಸರು ಅಂಟಿಕೊಂಡಿತು. ಇದರ ಒಂದು ದೊಡ್ಡ ಉದಾಹರಣೆಯಲ್ಲಿ ನಮ್ಮವರೇ ಇದ್ದಾರೆ. 1918ರ ಸೆಪ್ಟೆಂಬರ್ 23ರಂದು ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಒಟ್ಟೋಮನ್ (ತುರ್ಕಿ) ಸೈನ್ಯದಿಂದ ಬಿಡಿಸಿದ್ದು ಜೋಧಪುರ ಮತ್ತು ಮೈಸೂರು ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ಪಡೆಗಳು. ಎದುರಿಗೆ ಫಿರಂಗಿ ಮತ್ತು ಮೆಷಿನ್ ಗನ್ನು. ಮೈಸೂರಿನ ಸವಾರರ ಒಂದು ತುಕಡಿ ಕಾರ್ಮೆಲ್ ಬೆಟ್ಟ ಹತ್ತಿ ಮೇಲಿದ್ದ ಫಿರಂಗಿಗಳ ಮೇಲೆ ಬಿತ್ತು. ಕೆಳಗಿನಿಂದ ಜೋಧಪುರದವರು ಪಟ್ಟಣಕ್ಕೆ ನುಗ್ಗಿದರು. ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂರು ಸೈನಿಕರ ಪ್ರತಿಮೆಗಳಲ್ಲಿ ಒಬ್ಬ ಮೈಸೂರಿನವನು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕ ಇದೆ. ಆ ಟ್ರಾಫಿಕ್ಕಿನಲ್ಲಿ ದಿನಾ ದಾಟುವವರು ಎಷ್ಟು ಜನ ತಲೆ ಎತ್ತಿ ನೋಡಿದ್ದಾರೋ ಗೊತ್ತಿಲ್ಲ.

ಬಂಡೀಪುರ, ನಾಗರಹೊಳೆ ಕಡೆ ಸಫಾರಿ ಡ್ರೈವರುಗಳ ಬಾಯಲ್ಲಿ ಈ ಚಾರ್ಜ್ ಇನ್ನೂ ಜೀವಂತ. "ಆನೆ ಚಾರ್ಜ್ ಮಾಡ್ತು ಸಾರ್." ಅದರಲ್ಲಿ ಮಾಕ್ ಚಾರ್ಜ್ ಬೇರೆ. ಕಿವಿ ಅಗಲಿಸಿ, ಧೂಳೆಬ್ಬಿಸಿ, ನಾಲ್ಕು ಹೆಜ್ಜೆ ಓಡಿ ಬಂದು ನಿಂತುಬಿಡುತ್ತದೆ. ಹೆದರಿಸೋಕೆ ಅಷ್ಟೇ. ಕಿವಿ ಹಿಂದಕ್ಕೆ ಒತ್ತಿ ಸೊಂಡಿಲು ಮಡಚಿ ಸದ್ದಿಲ್ಲದೆ ಬಂದರೆ ಗಾಡಿ ರಿವರ್ಸ್ ತೆಗೆಯುವುದು ಒಳ್ಳೆಯದು ಅಂತ ಅವರು ಹೇಳುತ್ತಾರೆ.

ಈಗ ಫೋನಿನ ಚಾರ್ಜ್. ಇದು ಬಂದಿದ್ದು ಕೂಡ ಯುದ್ಧದ ಕಡೆಯಿಂದಲೇ. ಬಂದೂಕಿಗೆ ಮದ್ದು ಗುಂಡು ತುಂಬುವುದಕ್ಕೆ ಚಾರ್ಜ್ ಅನ್ನುತ್ತಿದ್ದರು. ಇವತ್ತಿಗೂ ಕಲ್ಲು ಕ್ವಾರಿಯಲ್ಲಿ ಬಂಡೆ ತೂತಿಗೆ ತುಂಬುವ ಮದ್ದು ಚಾರ್ಜೇ. 1745-46ರಲ್ಲಿ ಯುರೋಪಿನಲ್ಲಿ ಲೈಡನ್ ಜಾರ್ ಅನ್ನೋ ಗಾಜಿನ ಜಾಡಿ ಬಂತು. ಅದರಲ್ಲಿ ವಿದ್ಯುತ್ತನ್ನು ಕೂಡಿಟ್ಟು ಒಂದೇ ಏಟಿಗೆ ಬಿಡಬಹುದಿತ್ತು. ಮುಟ್ಟಿದವರು ಹಾರಿ ಬೀಳುತ್ತಿದ್ದರು. ತುಂಬಿ ಇಡುವುದು, ಢಮ್ ಅಂತ ಬಿಡುವುದು, ಬಂದೂಕಿನ ಭಾಷೆ ಸರಿಯಾಗಿ ಹೊಂದಿಕೊಂಡಿತು. ಅಮೆರಿಕದ ಬೆಂಜಮಿನ್ ಫ್ರಾಂಕ್ಲಿನ್ ಇಂಥ ಜಾಡಿಗಳನ್ನು ಸಾಲಾಗಿ ಜೋಡಿಸಿ ಅದಕ್ಕೆ ಬ್ಯಾಟರಿ ಅಂದ. ಬ್ಯಾಟರಿ ಅಂದರೆ ಅಲ್ಲಿಯ ತನಕ ಫಿರಂಗಿಗಳ ಸಾಲು. ಪಾಸಿಟಿವ್, ನೆಗೆಟಿವ್ ಅನ್ನೋ ಹೆಸರನ್ನು ವಿದ್ಯುತ್ತಿಗೆ ಅಂಟಿಸಿದವನೂ ಅವನೇ. ಯಾವುದು ಜಾಸ್ತಿ ಇರುವ ಕಡೆ, ಯಾವುದು ಕಮ್ಮಿ ಇರುವ ಕಡೆ ಅಂತ ಅವನಿಗೆ ನೋಡೋಕೆ ಸಾಧನ ಇರಲಿಲ್ಲ, ಒಂದು ಅಂದಾಜು ಹಾಕಿದ. 1897ರಲ್ಲಿ ಜೆ.ಜೆ. ಥಾಮ್ಸನ್ ಎಲೆಕ್ಟ್ರಾನ್ ಕಂಡುಹಿಡಿದಾಗ ಗೊತ್ತಾಯಿತು, ತಂತಿಯಲ್ಲಿ ಓಡಾಡುವ ಕಣ ನೆಗೆಟಿವ್ ಅಂತ. ಅಷ್ಟರಲ್ಲಿ ಪುಸ್ತಕಗಳೆಲ್ಲ ಅಚ್ಚಾಗಿದ್ದವು. ಹಾಗಾಗಿ ಹತ್ತನೇ ಕ್ಲಾಸಿನ ಮಕ್ಕಳು ಇವತ್ತಿಗೂ ಕರೆಂಟಿನ ಬಾಣವನ್ನು ಒಂದು ಕಡೆ ಬರೆದು, ಎಲೆಕ್ಟ್ರಾನ್ ಮಾತ್ರ ಇನ್ನೊಂದು ಕಡೆ ಹೋಗುತ್ತದೆ ಅಂತ ಉರು ಹೊಡೆಯುತ್ತಾರೆ.

ಅದೇ ಪಠ್ಯಪುಸ್ತಕದಲ್ಲಿ ಈ ಚಾರ್ಜ್‌ಗೆ ವಿದ್ಯುದಾವೇಶ ಅಂತ ಹೆಸರು. ಧನಾವೇಶ, ಋಣಾವೇಶ. ನನಗೆ ಇದು ಬಹಳ ಇಷ್ಟ. ಮೈಮೇಲೆ ದೇವರು ಬಂದವರಿಗೆ ಆಗುವುದೂ ಆವೇಶ, ಬಾಚಣಿಗೆ ತಲೆಗೆ ಉಜ್ಜಿ ಕಾಗದದ ಚೂರು ಎಳೆಯುವಾಗ ಬಾಚಣಿಗೆಗೆ ಬರುವುದೂ ಆವೇಶ. ಇಲ್ಲಿ ಹೊರೆಯ ಲೆಕ್ಕ ತಪ್ಪಿದೆ, ಆದರೆ ತಪ್ಪಿದ್ದು ಒಳ್ಳೆಯ ದಿಕ್ಕಿಗೆ.

ಒಂದು ಎಲೆಕ್ಟ್ರಾನಿನ ಚಾರ್ಜ್ ಎಷ್ಟು ಅಂತ ಎಣ್ಣೆಯ ಸಣ್ಣ ಹನಿಗಳನ್ನು ಗಾಳಿಯಲ್ಲಿ ತೇಲಿಸಿ ಅಳೆದವನು ರಾಬರ್ಟ್ ಮಿಲಿಕನ್, 1909ರಿಂದ ಶುರು ಮಾಡಿ. ಅವನಿಗೆ 1923ರಲ್ಲಿ ನೊಬೆಲ್ ಬಂತು. 2019ರ ಮೇ 20ರಿಂದ ಆ ಸಂಖ್ಯೆಯನ್ನು ಅಳೆಯುವ ಕೆಲಸವೇ ಮುಗಿದಿದೆ, 1.602176634 ಗುಣಿಸು 10ರ ಮೈನಸ್ 19ನೇ ಘಾತ ಕೂಲಂಬ್ (ಚಾರ್ಜ್ ಅಳೆಯುವ ಮಾನ) ಅಂತ ಇಡೀ ಜಗತ್ತು ಸೇರಿ ಗಟ್ಟಿ ಮಾಡಿಬಿಟ್ಟಿತು.

ಫೋನಿನ ಡಬ್ಬದ ಮೇಲೆ 5000 ಎಂಎಎಚ್ (ಮಿಲಿ ಆಂಪಿಯರ್ ಅವರ್) ಅಂತ ಬರೆದಿರುತ್ತದಲ್ಲ, ಅದು ಚಾರ್ಜಿನ ಅಳತೆ. 5 ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಎಷ್ಟೋ ಅಷ್ಟು. ಕೂಲಂಬ್ ಲೆಕ್ಕದಲ್ಲಿ 18000. ಆದರೆ ಫೋನ್ ಚಾರ್ಜ್ ಮಾಡುವಾಗ ಬ್ಯಾಟರಿಗೆ ಹೊರಗಿನಿಂದ ಎಲೆಕ್ಟ್ರಾನ್ ತುಂಬುತ್ತೇವೆ ಅಂದುಕೊಂಡರೆ ಅದು ಹಾಗಿಲ್ಲ. ಶೂನ್ಯ ಪರ್ಸೆಂಟ್ ಇದ್ದಾಗಲೂ ನೂರು ಇದ್ದಾಗಲೂ ಒಳಗಿನ ಎಲೆಕ್ಟ್ರಾನ್ ಸಂಖ್ಯೆ ಅಷ್ಟೇ. ಸಂಪಿನ ನೀರನ್ನು ಮೋಟಾರ್ ಹಾಕಿ ಮೇಲಿನ ಟ್ಯಾಂಕಿಗೆ ಏರಿಸಿದ ಹಾಗೆ, ಚಾರ್ಜರ್ ಲಿಥಿಯಂ ಅಯಾನುಗಳನ್ನು (ಚಾರ್ಜ್ ಇರುವ ಲಿಥಿಯಂ ಕಣಗಳನ್ನು) ಒಂದು ಬದಿಯಿಂದ ಇನ್ನೊಂದು ಬದಿಯ ಗ್ರಾಫೈಟ್ ಒಳಗೆ ತಳ್ಳುತ್ತದೆ, ಎಲೆಕ್ಟ್ರಾನುಗಳು ಹೊರಗಿನ ತಂತಿಯಲ್ಲಿ ಸುತ್ತಿಕೊಂಡು ಅಲ್ಲಿಗೇ ಬರುತ್ತವೆ. ಶುರುವಿನಲ್ಲಿ ಚಾರ್ಜರ್ ಒಂದೇ ಸಮ ಕರೆಂಟ್ ಕೊಡುತ್ತದೆ. ವೋಲ್ಟೇಜ್ ಮಿತಿ ಮುಟ್ಟಿದ ಮೇಲೆ ವೋಲ್ಟೇಜ್ ಹಾಗೇ ಹಿಡಿದು ಕರೆಂಟ್ ಇಳಿಸುತ್ತಾ ಹೋಗುತ್ತದೆ. ಕೊನೆಯ 20 ಪರ್ಸೆಂಟ್ ಅಷ್ಟು ಸತಾಯಿಸುವುದು ಇದಕ್ಕೆ. ಚಾರ್ಜರ್ ಕೆಟ್ಟಿದೆ ಅಂತ ಅಂಗಡಿಗೆ ಓಡಬೇಡಿ.

ವಿಮಾನದಲ್ಲಿ ಪವರ್ ಬ್ಯಾಂಕ್ ತಗೊಂಡು ಹೋಗುವವರಿಗೂ ಒಂದು ಮಾತು. ಅಲ್ಲಿ ಮಿತಿ ಇರುವುದು ಚಾರ್ಜಿಗಲ್ಲ, ಶಕ್ತಿಗೆ. 100 ವ್ಯಾಟ್ ಅವರ್ ತನಕ ಸಾಮಾನ್ಯವಾಗಿ ಕೇಳುವುದಿಲ್ಲ. 20000 ಎಂಎಎಚ್ ಅಂದರೆ 20 ಆಂಪಿಯರ್ ಅವರ್, ಅದನ್ನು 3.7 ವೋಲ್ಟ್‌ನಿಂದ ಗುಣಿಸಿದರೆ 74 ವ್ಯಾಟ್ ಅವರ್ ಬರುತ್ತದೆ, ತೊಂದರೆ ಇಲ್ಲ. ಕೈಚೀಲದಲ್ಲೇ ಇರಬೇಕು, ಚೆಕ್ ಇನ್ ಲಗೇಜಿಗೆ ಹಾಕುವ ಹಾಗಿಲ್ಲ.

ಏಸಿ ಗ್ಯಾಸ್ ಚಾರ್ಜ್ ಬಗ್ಗೆ ಎರಡೇ ಮಾತು, ಯಾಕಂದರೆ ಇಲ್ಲಿ ಜನ ಸುಮ್ನೆ ದುಡ್ಡು ಕಳೆಯುತ್ತಾರೆ. ಏಸಿಯೊಳಗಿನ ಗ್ಯಾಸ್ ಪೆಟ್ರೋಲಿನ ಥರ ಸುಟ್ಟು ಖಾಲಿ ಆಗುವುದಿಲ್ಲ. ಅದು ಕೊಳವೆಯೊಳಗೆ ಸುತ್ತುತ್ತಲೇ ಇರುತ್ತದೆ. ಕಮ್ಮಿ ಆಗಿದೆ ಅಂದರೆ ಎಲ್ಲೋ ಲೀಕ್ ಇದೆ. ಲೀಕ್ ಹುಡುಕಿ ಮುಚ್ಚಿ, ವ್ಯಾಕ್ಯೂಮ್ ಮಾಡಿ, ಹೊರಗಿನ ಯೂನಿಟ್ ಮೇಲಿನ ಸ್ಟಿಕರಿನಲ್ಲಿ ಬರೆದಷ್ಟು ತೂಕ ಹಾಕಬೇಕು. ಆರ್-32 ಅಂತಲೋ ಆರ್-410ಎ ಅಂತಲೋ ಹೆಸರು, ಪಕ್ಕದಲ್ಲಿ ತೂಕ, ಎಲ್ಲ ಅಲ್ಲೇ ಇರುತ್ತದೆ. ನಮ್ಮ ಮನೆಗೆ ಬರುತ್ತಿದ್ದ ಒಬ್ಬ ಮೆಕ್ಯಾನಿಕ್ ಪ್ರತಿ ಬೇಸಿಗೆಯಲ್ಲೂ ತಕ್ಕಡಿ ಇಲ್ಲದೆ, ಪೈಪು ಮುಟ್ಟಿ ನೋಡಿ, ಗ್ಯಾಸ್ ಚಾರ್ಜ್ ಮಾಡಬೇಕು ಅನ್ನುತ್ತಿದ್ದ. ಚಾರ್ಜ್ ಮಾಡೋಕೆ ಚಾರ್ಜ್ ಎಷ್ಟು ಅಂತ ಕೇಳಿದರೆ ಅವನ ಹತ್ತಿರ ಉತ್ತರ ರೆಡಿ, ಲೀಕ್ ಎಲ್ಲಿ ಅಂತ ಕೇಳಿದರೆ ಇಲ್ಲ.

ರೀಚಾರ್ಜ್ ಅಂದರೆ ಪೇಟೆಯಲ್ಲಿ ಸಿಮ್ಮು, ಹಳ್ಳಿಯಲ್ಲಿ ಬೋರ್‌ವೆಲ್. ಎರಡನೆಯದಕ್ಕೆ ನಮ್ಮ ಹತ್ತಿರ ಇಂಗಿಸುವುದು ಅನ್ನೋ ಪದ ಇದೆ, ಅದರ ಮುಂದೆ ರೀಚಾರ್ಜ್ ಬಡವ. ಬೆಂಗಳೂರಿನ ಕೊಳಚೆ ನೀರನ್ನು ಶುದ್ಧ ಮಾಡಿ ಕೋಲಾರದ ಕೆರೆಗಳಿಗೆ ಹರಿಸುವ ಕೆ.ಸಿ. ವ್ಯಾಲಿ ಯೋಜನೆ 2018ರಲ್ಲಿ ಶುರುವಾಯಿತು. ಎರಡನೇ ಹಂತದ ಶುದ್ಧೀಕರಣ ಸಾಕಾ ಅನ್ನೋ ಜಗಳ ಅಲ್ಲಿ ಮುಗಿದಿಲ್ಲ, ಬೋರ್‌ವೆಲ್‌ಗಳಲ್ಲಿ ನೀರು ಮೇಲೆ ಬಂದಿದೆ ಅನ್ನುವವರೂ ಇದ್ದಾರೆ.

ಡಿಸ್ಚಾರ್ಜ್ ಅಂದರೆ ಹೊರೆ ಇಳಿಸುವುದು. ಕೆಆರ್‌ಎಸ್ ಅಣೆಕಟ್ಟು 124.80 ಅಡಿ ತುಂಬಿದ ಮೇಲೆ ಹೊರಗೆ ಬಿಡುವ ಕ್ಯೂಸೆಕ್ ಲೆಕ್ಕ ಡಿಸ್ಚಾರ್ಜ್, ಬ್ಯಾಟರಿ ಖಾಲಿ ಆಗುವುದೂ ಡಿಸ್ಚಾರ್ಜ್. ಆದರೆ ಜನ ಕಾಯುವ ಡಿಸ್ಚಾರ್ಜ್ ಆಸ್ಪತ್ರೆಯದ್ದು. ಬೆಳಿಗ್ಗೆ ರೌಂಡ್ಸ್‌ಗೆ ಬಂದ ಡಾಕ್ಟರ್ ಇವತ್ತು ಹೊರಡಿ ಅನ್ನುತ್ತಾರೆ. ಬಟ್ಟೆ ಮಡಚಿ, ಫ್ಲಾಸ್ಕ್ ತೊಳೆದು, ಊರಿಗೆ ಫೋನ್ ಮಾಡಿ ಕೂತರೆ ಸಂಜೆ ಆರಾದರೂ ಇನ್ಶೂರೆನ್ಸ್‌ನಿಂದ ಅಪ್ರೂವಲ್ ಬಂದಿರುವುದಿಲ್ಲ. ಇದಕ್ಕೆ 2024ರ ಮೇ 29ರಂದು ವಿಮಾ ನಿಯಂತ್ರಣ ಪ್ರಾಧಿಕಾರ ಒಂದು ಸುತ್ತೋಲೆ ಹೊರಡಿಸಿದೆ, ಬಹಳ ಜನಕ್ಕೆ ಗೊತ್ತಿಲ್ಲ. ಆಸ್ಪತ್ರೆಯಿಂದ ಡಿಸ್ಚಾರ್ಜ್ ಕೋರಿಕೆ ಹೋದ ಮೇಲೆ ಇನ್ಶೂರೆನ್ಸ್ ಕಂಪನಿ ಮೂರು ಗಂಟೆಯೊಳಗೆ ಒಪ್ಪಿಗೆ ಕೊಡಬೇಕು. ತಡ ಮಾಡಿ, ಅದರಿಂದ ಆಸ್ಪತ್ರೆ ರೂಮಿಗೆ ಅಂತ ಜಾಸ್ತಿ ಚಾರ್ಜ್ ಹಾಕಿದರೆ ಅದನ್ನು ಭರಿಸಬೇಕಾದದ್ದು ಕಂಪನಿಯೇ. ಬಿಲ್ಲಿಂಗ್ ಕೌಂಟರಿನಲ್ಲಿ ಕೋರಿಕೆ ಎಷ್ಟು ಹೊತ್ತಿಗೆ ಕಳಿಸಿದಿರಿ ಅಂತ ಕೇಳಿ, ಟೈಮ್ ಬರೆಸಿಕೊಳ್ಳಿ.